ಸೋಪಿನ ಕಲೆ

ಸಾಮಾನು ಕೋಣೆಯ ಕಿಟಕಿಗೆ ಆ ಗಂಟು ಬಂದಾಗ ಮಧ್ಯಾಹ್ನ ಹನ್ನೆರಡೂಕಾಲು. ಅವಳು ಆಗಷ್ಟೇ ಊಟದ ಡಬ್ಬಿಗೆ ಕೈ ಹಾಕಿದ್ದಳು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಕೈಗವಸು ಹಾಕಿಕೊಂಡು, ಗಂಟು ಬಿಚ್ಚಿದಳು. ಹನ್ನೊಂದು ವರ್ಷದಿಂದ ಅವಳದು ಇದೇ ಕೆಲಸ. ಆಸ್ಪತ್ರೆಗೆ ಪ್ರಜ್ಞೆ ತಪ್ಪಿ ಬಂದವರ, ಹೆಣವಾಗಿ ಬಂದವರ ಮೈಮೇಲೆ ಇದ್ದಬದ್ದದ್ದನ್ನೆಲ್ಲ ಪಟ್ಟಿ ಮಾಡಿ, ಮತ್ತೆ ಗಂಟು ಕಟ್ಟಿ, ಮನೆಯವರಿಗೆ ಒಪ್ಪಿಸಿ ಸಹಿ ಹಾಕಿಸಿಕೊಳ್ಳುವುದು. ಅವಳ ಹೆಸರು ಅಲ್ಲಿ ಯಾರಿಗೂ ನೆನಪಿರಲಿಲ್ಲ. ಪಟ್ಟಿಯಕ್ಕ ಎಂದರೆ ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಗೊತ್ತು.

ಆ ಕೆಲಸಕ್ಕೆ ಇರುವುದು ಒಂದೇ ಕಟ್ಟಳೆ. ಕಂಡದ್ದನ್ನು ಬರೆ, ಅಂದುಕೊಂಡದ್ದನ್ನು ಬರೆಯಬೇಡ. ಚಿನ್ನದ ಉಂಗುರ ಎನ್ನುವಂತಿಲ್ಲ, ಹಳದಿ ಲೋಹದ ಉಂಗುರ ಎನ್ನಬೇಕು. ರಕ್ತ ಎನ್ನುವಂತಿಲ್ಲ, ಕೆಂಪು ಕಲೆ ಎನ್ನಬೇಕು. ಇನ್ನು ಇಲ್ಲದ್ದನ್ನಂತೂ ಬರೆಯುವ ಹಾಗೇ ಇಲ್ಲ. ‘ಕಿವಿಯಲ್ಲಿ ಓಲೆ ಇಲ್ಲ’ ಎಂದು ಒಂದು ಸಲ ಬರೆದು ನೋಡಿ. ಇದ್ದದ್ದು ಎಲ್ಲಿಗೆ ಹೋಯಿತು, ಯಾರ ಕೈಗೆ ಹೋಯಿತು ಎಂದು ಹತ್ತು ಜನ ಕಿಟಕಿ ಮುರಿಯುತ್ತಾರೆ. ಹನ್ನೊಂದು ವರ್ಷದಲ್ಲಿ ಅವಳ ಪಟ್ಟಿಯೊಳಗೆ ‘ಇಲ್ಲ’ ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ.

ಬರೆಯತೊಡಗಿದಳು. ಅಂಗಿ ಒಂದು, ನೀಲಿ, ಅರ್ಧ ತೋಳು. ಬೆನ್ನಿನಲ್ಲಿ ಕೆಂಪು ಕಲೆ. ಎದೆಯಲ್ಲಿ, ತೋಳಿನಲ್ಲಿ ಒಣಗಿದ ಸೋಪಿನ ಬಿಳಿ ಕಲೆ. ನೀಲಿ ಅಂಗಿ ಹಾಕಿಕೊಂಡು ದುಡಿಯುವವರು ಊರಿಗೊಂದು ಸಾವಿರ ಇದ್ದಾರೆ, ಅದಕ್ಕೇ ಬರೆಯುತ್ತ ಹೋದಳು. ಗುಂಡಿ ಐದು. ಮೂರನೆಯದು ಬಿಳಿ, ಕರಿ ದಾರದಲ್ಲಿ ಹೊಲಿದದ್ದು.

ಅಲ್ಲಿಗೆ ಪೆನ್ನು ನಿಂತಿತು.

ಆ ಗುಂಡಿಯನ್ನು ಹೊಲಿದವಳು ಅವಳೇ. ಅದೇ ದಿನ ಬೆಳಿಗ್ಗೆ ಆರೂವರೆಗೆ, ಅಂಗಿ ಅವನ ಮೈಮೇಲಿದ್ದ ಹಾಗೆಯೇ. ಬಿಳಿ ದಾರ ಹುಡುಕಲು ಹೊತ್ತಿರಲಿಲ್ಲ. ದಾರವನ್ನು ಹಲ್ಲಿನಿಂದ ಕಡಿಯುವಾಗ ಅವನು, “ಲೇ, ದಾರ ಕಡೀತೀಯೋ ಎದೆ ಕಡೀತೀಯೋ?” ಎಂದಿದ್ದ.

“ಪಟ್ಟಿಯಕ್ಕಾ, ಆಯ್ತಾ? ಮೇಲೆ ಕಾಯ್ತಾ ಇದ್ದಾರೆ,” ಎಂದ ಗಂಟು ತಂದ ವಾರ್ಡಿನವನು.

“ಪ್ಯಾಂಟು ಬಾಕಿ ಇದೆ, ಇರಪ್ಪ,” ಎಂದಳು. ಪ್ಯಾಂಟು ಬರೆದಳು. ಕರವಸ್ತ್ರ ಬರೆದಳು. ಒಪ್ಪಿಸಿದವರು ಎಂಬಲ್ಲಿ ಸಹಿ ಹಾಕಿದಳು. ಆಮೇಲೆ ಕೈಗವಸು ತೆಗೆದಿಟ್ಟು, ಪಡೆದವರು ಎಂಬಲ್ಲಿಯೂ ತಾನೇ ಸಹಿ ಹಾಕಿದಳು. ವಾರ್ಡಿನವನು ಕಾಗದ ನೋಡಿದ, ಅವಳ ಮುಖ ನೋಡಿದ, ಗೋಡೆ ಹಿಡಿದುಕೊಂಡ.

ಅವಳ ಗಂಡ ಗಾಜು ಒರೆಸುವವನು. ಇಪ್ಪತ್ತೆರಡು ಮಹಡಿಯ ಕಟ್ಟಡದ ನೆತ್ತಿಯಿಂದ ಎರಡು ಹಗ್ಗ ಇಳಿಬಿಟ್ಟು, ಅದಕ್ಕೊಂದು ಹಲಗೆ ಕಟ್ಟಿ, ಜೋಡಿಯಾಗಿ ಕೂತು ಒರೆಸುತ್ತ ಇಳಿಯುವ ಕೆಲಸ. ಅವನು ಸೋಪಿನ ನೀರು ಬಳಿಯುತ್ತಿದ್ದ; ಅವನ ಜೋಡಿ, ಎಲ್ಲರೂ ಕುಳ್ಳ ಎಂದು ಕರೆಯುವವನು, ರಬ್ಬರ್ ಪಟ್ಟಿಯಿಂದ ನೀರೆಳೆಯುತ್ತಿದ್ದ. ಕಾಲು ಜಾರುತ್ತದೆಂದು ಚಪ್ಪಲಿಯನ್ನು ಕಪಾಟಿನಲ್ಲೇ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಿದ್ದರು. ಅವನು ಮುಟ್ಟಿದ್ದೆಲ್ಲ ಬೆಳ್ಳಗಾಗುತ್ತಿತ್ತು. ಅಂಗಿ, ಡಬ್ಬಿ, ಬಾಗಿಲ ಚಿಲಕ, ಕೊನೆಗೆ ಹೆಂಡತಿಯ ಬೆನ್ನು ಕೂಡ. ಅತ್ತೆ ಪ್ರತಿ ವಾರ ಬಟ್ಟೆ ನೆನೆಸುವಾಗ ಅದೇ ರಾಗ ತೆಗೆಯುತ್ತಿದ್ದರು: “ಎಲ್ಲರ ಮನೇಲೂ ಕೊಳೆ ಕಲೆಯಾಗುತ್ತೆ, ನಮ್ಮ ಮನೇಲಿ ಸೋಪೇ ಕಲೆ! ಇದನ್ನ ಯಾವ ಸೋಪು ಹಾಕಿ ಒಗೀಲಪ್ಪ ನಾನು?”

ಹದಿನಾಲ್ಕನೇ ಮಹಡಿಯ ಹತ್ತಿರ ಒಂದು ಕಡೆಯ ಹಗ್ಗ ಗಂಟಿನಿಂದ ಜಾರಿತು. ಹಲಗೆ ನೆಟ್ಟಗೆ ನಿಂತಿತು. ಕುಳ್ಳ ಇನ್ನೊಂದು ಹಗ್ಗಕ್ಕೆ ಜೋತುಬಿದ್ದು, ಅಂಗೈ ಸುಲಿದುಕೊಂಡು ಉಳಿದ. ಅವಳ ಗಂಡ ಉಳಿಯಲಿಲ್ಲ. ಸೊಂಟಕ್ಕೊಂದು ಬೆಲ್ಟು, ಬೆಲ್ಟಿಗೊಂದು ಹಗ್ಗ ಇದ್ದಿದ್ದರೆ ಸಂಜೆ ಮನೆಗೆ ಬಂದು, ತನ್ನ ಪ್ರಾಣ ಹೇಗೆ ನೇತಾಡಿತೆಂದು ಕೈಕಾಲು ಆಡಿಸಿ ತೋರಿಸಿ, ಅಮ್ಮನಿಂದ ಬೈಸಿಕೊಳ್ಳುತ್ತಿದ್ದ.

ಬೆಲ್ಟು ಕೊಟ್ಟೇ ಇರಲಿಲ್ಲ. ಆರು ವರ್ಷದಲ್ಲಿ ಕೇಳಿದಾಗಲೆಲ್ಲ “ಬರುತ್ತೆ ಬರುತ್ತೆ” ಎಂದಿದ್ದರು. “ದೇವರೂ ಬೆಲ್ಟೂ ಇಬ್ಬರೂ ಬರೋರೇ, ಯಾವಾಗ ಅಂತ ಕೇಳಬಾರದು,” ಎಂದು ಅವನು ನಗುತ್ತಿದ್ದ. ಆದರೆ ಅವನು ಸತ್ತ ಮೂರನೇ ದಿನಕ್ಕೆ ಗುತ್ತಿಗೆ ಕಂಪನಿಯ ಹೇಳಿಕೆ ಹೊರಬಿತ್ತು. ಎಲ್ಲರಿಗೂ ಕೆಲಸಕ್ಕೆ ಸೇರಿದ ದಿನವೇ ಬೆಲ್ಟು ಕೊಡಲಾಗಿದೆ, ಮೃತನು ತನ್ನ ಬೆಲ್ಟನ್ನು ಕಪಾಟಿನಲ್ಲೇ ಬಿಟ್ಟು ಕೆಲಸಕ್ಕೆ ಇಳಿದಿದ್ದಾನೆ, ಇದು ಅವನದೇ ಅಜಾಗರೂಕತೆ. ಬಿದ್ದವನ ತಲೆಯ ಮೇಲೆಯೇ ಬೀಳಿಸಿದ ತಪ್ಪನ್ನೂ ಹೇರುವ ಜಾಣತನ ಇದು. ಕೆಳಗೆ ಕುಳ್ಳನ ಹೆಬ್ಬೆಟ್ಟಿನ ಗುರುತು. ಅಂಗೈಗೆಲ್ಲ ಬ್ಯಾಂಡೇಜು ಸುತ್ತಿಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಬಿದ್ದಿದ್ದವನ ಹೆಬ್ಬೆಟ್ಟನ್ನಷ್ಟೇ ಹೊರಗೆಳೆದು ಒತ್ತಿಸಿಕೊಂಡಿದ್ದರು.

ಮಾತು ಬೀದಿಗೆ ಹರಡಲು ಎಷ್ಟು ಹೊತ್ತು? ನಲ್ಲಿಯ ಹತ್ತಿರ ಒಬ್ಬಳು ಅಂದಳಂತೆ: “ಬೆಲ್ಟು ಹಾಕ್ಕೊಳ್ಳೋಕೂ ಸೋಮಾರಿತನ ಅಂದ್ರೆ ಯಾರೇನ್ ಮಾಡೋಕಾಗುತ್ತೆ.” ಅತ್ತೆ ಅರ್ಧ ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತರು.

“ನನ್ನ ಮಗ ಸೋಮಾರಿನೇನೇ?”

“ಅಲ್ಲ ಅತ್ತೆ.”

“ನಿನಗೆ ಗೊತ್ತು, ನನಗೆ ಗೊತ್ತು. ಕಾಗದಕ್ಕೆ ಗೊತ್ತಾ?”

ಅವಳಿಗೂ ಅದೊಂದೇ ಉಳಿದಿತ್ತು. ಹೋದವನು ಹೋದ. ಆದರೆ ಅವನು ತನ್ನ ಸಾವಿಗೆ ತಾನೇ ಕಾರಣ ಎಂಬ ಸುಳ್ಳು ಅವನ ಹೆಸರಿನ ಮುಂದೆ ಶಾಶ್ವತವಾಗಿ ಕೂರಬಾರದು. ಕಾಗದದ ಬಾಯಿಗೆ ಕಾಗದವೇ ಬೀಗ. ಆ ಕಾಗದ ಎಲ್ಲಿಂದ ತರುವುದೆಂದು ಮಾತ್ರ ತೋಚಲಿಲ್ಲ.

ಐದನೇ ದಿನ ಮೇಷ್ಟ್ರು ಬಂದರು. ಟೈರ್ ಅಂಗಡಿಯ ಮಹಡಿಯಲ್ಲಿ ಪ್ರತಿ ಭಾನುವಾರ ಓದುಕೂಟ ನಡೆಸುವ ನಿವೃತ್ತ ಮೇಷ್ಟ್ರು. ಅವಳ ಗಂಡ ಅಲ್ಲಿ ಖಾಯಂ ಗಿರಾಕಿ. ಹತ್ತು ಹನ್ನೆರಡು ಜನ ಕೂಲಿಯವರು ಕೂತು ಓದುತ್ತಿದ್ದರು, ಬರೆಯುತ್ತಿದ್ದರು, ಒಬ್ಬರ ಕವಿತೆಯನ್ನು ಇನ್ನೊಬ್ಬರು ಹರಿದು ಹಾಕುತ್ತಿದ್ದರು. ಅವನೂ ಬರೆಯುತ್ತಿದ್ದ. ಅವನ ಕವಿತೆಗಳ ತುಂಬ ಕೆಂಪು ಸೂರ್ಯ, ಬೆಂಕಿಯ ಹೊಳೆ, ಸಿಡಿಲಿನ ಮುಷ್ಟಿ. ಒಮ್ಮೆ ಅವಳ ಹಳೆಯ ಪಟ್ಟಿಯ ಕಾರ್ಬನ್ ಪ್ರತಿಯೊಂದನ್ನು ಓದಿ ಹೇಳಿದ್ದ: “ನಿನ್ನ ಪಟ್ಟಿ ಓದಿದ್ರೆ ಸತ್ತೋನು ಎದ್ದುಬಂದು ಎದುರಿಗೆ ನಿಲ್ತಾನೆ ಕಣೇ. ನಮ್ಮ ಕವಿತೆ ಓದಿದ್ರೆ ಬದುಕಿರೋನೂ ಎದ್ದು ಓಡ್ತಾನೆ.”

ಮೇಷ್ಟ್ರು ಕುರ್ಚಿಯ ತುದಿಯಲ್ಲಿ ಕೂತು ಕಾಗದ ಬಿಡಿಸಿದರು. “ಸೋಮವಾರ ಮಧ್ಯಾಹ್ನ ಕಂಪನಿಯವರು ಕಟ್ಟಡದ ಕೆಳಗಿನ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟಿದ್ದಾರೆ ತಾಯಿ. ಕೂಟದ ಪರವಾಗಿ ನಾನೊಂದು ಕವಿತೆ ಓದ್ತೀನಿ. ಕೇಳಿ. ‘ಓ ಗಗನದ ಗೆಳೆಯಾ, ಸೂರ್ಯನ ಕೆನ್ನೆಯನೊರೆಸಿದವನೇ…’”

“ಸೂರ್ಯನ್ನ ಯಾವಾಗ ಒರೆಸಿದ್ನಪ್ಪಾ ನನ್ನ ಮಗ?” ಅತ್ತೆ ಮೂಲೆಯಿಂದಲೇ ಕೇಳಿದರು. “ಇಪ್ಪತ್ತೆರಡನೇ ಮಹಡಿ ಮೇಲಕ್ಕೆ ಅವನಿಗೆ ಕೆಲಸ ಇರ್ಲಿಲ್ಲ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಹಾಗಲ್ಲಮ್ಮ, ಕವಿತೇಲಿ…”

“ಮೇಷ್ಟ್ರೇ,” ಎಂದಳು ಅವಳು. “ಅವರಿಗೆ ಡಬ್ಬಿ ಮುಚ್ಚಳ ತೆಗೆಯೋಕೆ ಬರ್ತಿರಲಿಲ್ಲ. ನೆಗ್ಗಿತ್ತು. ದಿನಾ ಕುಳ್ಳನ ಕೈಲಿ ತೆಗೆಸಿಕೊಂಡು ಉಣ್ತಿದ್ರು. ಅದು ನಿಮ್ಮ ಕವಿತೇಲಿದೆಯಾ?”

“ಇಲ್ಲ ತಾಯಿ.”

“ಮತ್ತೆ ಅದು ಯಾರ ಬಗ್ಗೆ?”

ಮೇಷ್ಟ್ರು ಹೋಗುವಾಗ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅವರು ಕೆಟ್ಟವರಲ್ಲ. ಸಿಟ್ಟು ಬಂದಾಗ ಆಕಾಶ ನೋಡುವ ಚಾಳಿ, ಅಷ್ಟೇ. ಕಾಲ ಬುಡದಲ್ಲಿ ಬಿದ್ದದ್ದು ಕಾಣುತ್ತಿರಲಿಲ್ಲ.

ಸೋಮವಾರ ಅವಳು ಅತ್ತೆಯ ಕೈ ಹಿಡಿದುಕೊಂಡು ಹಾಲ್‌ಗೆ ಹೋದಾಗ ಅಲ್ಲಿ ಫೋಟೋ ತೆಗೆಯುವವನೊಬ್ಬ ದೀಪ ಸರಿಮಾಡುತ್ತಿದ್ದ. ಮೇಜಿನ ಮೇಲೆ ಬಿಳಿ ಬಟ್ಟೆ, ಅದರ ಮೇಲೊಂದು ಬಟ್ಟೆಚೀಲ. ಪಕ್ಕದಲ್ಲಿ ಗೋಡೆಗಂಟಿಕೊಂಡು ಅವನ ಗ್ಯಾಂಗಿನ ಎಂಟು ಜನ. ಎಂಟೂ ಜನರ ಸೊಂಟದಲ್ಲಿ ಕಪ್ಪು ಬೆಲ್ಟು. ಕೈಗೆ ಬ್ಯಾಂಡೇಜು ಸುತ್ತಿಕೊಂಡ ಕುಳ್ಳನ ಸೊಂಟದಲ್ಲೂ ಒಂದು. ಯಾರೂ ಅವಳ ಮುಖ ನೋಡಲಿಲ್ಲ.

ಕಂಪನಿಯ ಸೂಪರ್‌ವೈಸರ್ ಎರಡು ಮಾತಾಡಿದ. ಕುಟುಂಬದವನನ್ನು ಕಳೆದುಕೊಂಡಿದ್ದೇವೆ ಎಂದ. ಸುರಕ್ಷತೆಯೇ ನಮ್ಮ ಉಸಿರು ಎಂದ. ಆಮೇಲೆ ಅವಳನ್ನು ಮುಂದಕ್ಕೆ ಕರೆದು ಚೀಲವನ್ನೂ ಒಂದು ಅಚ್ಚುಮಾಡಿದ ಕಾಗದವನ್ನೂ ಚಾಚಿದ. “ಅವರ ಕಪಾಟಲ್ಲಿದ್ದ ಸಾಮಾನಮ್ಮ. ಇಲ್ಲೊಂದು ಸಹಿ ಹಾಕಿ, ಹಾಗೇ ಕ್ಯಾಮೆರಾ ಕಡೆ ನೋಡಿ.”

ಅವಳು ಕ್ಯಾಮೆರಾ ಕಡೆ ನೋಡಲಿಲ್ಲ, ಕಾಗದ ನೋಡಿದಳು. ಎರಡೇ ಸಾಲು.

ಸುರಕ್ಷತಾ ಬೆಲ್ಟ್: ಒಂದು.
ಇತರೆ ಹಳೆಯ ಸಾಮಾನು.

“ಇತರೆ ಅಂದ್ರೇನು ಸಾರ್?”

“ಇತರೆ ಅಂದ್ರೆ… ಚಪ್ಪಲಿ, ಅದು ಇದು. ಏನಮ್ಮ, ಅದಕ್ಕೆಲ್ಲ ಬೆಲೆಯಿದೆಯಾ?”

“ನಾನು ಆಸ್ಪತ್ರೇಲಿ ಪಟ್ಟಿ ಬರೆಯೋಳು ಸಾರ್. ಇತರೆ ಅಂತ ಬರೆದ್ರೆ ನನ್ನ ಕೆಲಸ ಹೋಗುತ್ತೆ. ನೋಡದೆ ಸಹಿ ಹಾಕಿದ್ರೂ ಹೋಗುತ್ತೆ.” ಅವಳು ಕೈಚೀಲದಿಂದ ಪೆನ್ನು ತೆಗೆದಳು, ಕಾಗದದ ಬೆನ್ನು ತಿರುವಿ ಮೇಜಿನ ಮೇಲೆ ಹಾಸಿದಳು, ಚೀಲ ಬಿಚ್ಚಿದಳು. “ಐದು ನಿಮಿಷ. ನೀವೂ ನೋಡಿ, ಅವರೂ ನೋಡಲಿ.”

ಸೂಪರ್‌ವೈಸರ್ ಫೋಟೋದವನ ಕಡೆ ನೋಡಿದ. ಸತ್ತವನ ಹೆಂಡತಿಯ ಕೈಯನ್ನು ಎಲ್ಲರೆದುರು ಹಿಡಿದು ತಡೆಯುವುದು ಹೇಗೆ? ತಡೆಯಲಿಲ್ಲ.

ಅವಳು ಒಂದೊಂದಾಗಿ ಎತ್ತಿ, ತಿರುಗಿಸಿ, ಬೆಳಕಿಗೆ ಹಿಡಿದು, ಬರೆದಳು. ಕಿಟಕಿಯಲ್ಲಿ ಸಂಬಂಧಿಕರಿಗೆ ಓದಿ ಹೇಳುವ ರೂಢಿಯಿತ್ತಲ್ಲ, ಬರೆದದ್ದನ್ನು ಹಾಗೆಯೇ ಗಟ್ಟಿಯಾಗಿ ಓದುತ್ತಲೂ ಹೋದಳು. ದನಿ ಏರಲಿಲ್ಲ, ಇಳಿಯಲಿಲ್ಲ.

“ಚಪ್ಪಲಿ ಒಂದು ಜೊತೆ. ಎಡಗಾಲಿನ ಹಿಮ್ಮಡಿ ಹೆಚ್ಚು ಸವೆದಿದೆ. ಬಾರಿನ ಮೇಲೆ ಸೋಪಿನ ಕಲೆ ಇದೆ.

“ಬಾಚಣಿಗೆ ಒಂದು. ಮೂರು ಹಲ್ಲು ಮುರಿದಿದೆ. ಕೂದಲು ಒಂದೆಳೆ, ಅರ್ಧ ನರೆತದ್ದು. ಸೋಪಿನ ಕಲೆ ಇದೆ.

“ಊಟದ ಡಬ್ಬಿ ಒಂದು. ಮುಚ್ಚಳ ನೆಗ್ಗಿದೆ. ಬಿಗಿಯಾಗಿ ಕೂತಿದೆ…”

ಅಲ್ಲಿ ಅವಳ ಕೈ ಒಂದು ಗಳಿಗೆ ಮುಚ್ಚಳದ ಮೇಲೆಯೇ ಉಳಿಯಿತು. ಗೋಡೆಯ ಹತ್ತಿರ ಯಾರೋ ಮೂಗೆಳೆದುಕೊಂಡರು.

“ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ತುಂಬಿದ ಡಬ್ಬಿಯಷ್ಟು ಭಾರ ಇದೆ. ಮುಚ್ಚಳದ ಮೇಲೆ ಸೋಪಿನ ಕಲೆ ಇದೆ, ಎರಡು ಹೆಬ್ಬೆರಳಿನ ಗುರುತು.

“ನೋಟ್‌ಬುಕ್ ಒಂದು. ನಲವತ್ತೊಂದು ಪುಟ ಬರೆದಿದೆ. ಉಳಿದದ್ದು ಖಾಲಿ. ಖಾಲಿ ಪುಟದ ಅಂಚಿನಲ್ಲೂ ಸೋಪಿನ ಕಲೆ ಇದೆ.”

ಮುಂದಿನ ಸಾಲಿನ ಮೇಷ್ಟ್ರು ಜೇಬಿನಿಂದ ಅರ್ಧ ಹೊರತೆಗೆದಿದ್ದ ಕಾಗದವನ್ನು ಮತ್ತೆ ಒಳಗಿಟ್ಟರು.

ಕೊನೆಗೆ ಚೀಲದ ತಳದಿಂದ ಬೆಲ್ಟು ಬಂತು. ಸುರುಳಿ ಸುತ್ತಿದ ಹಾಗೆಯೇ ಇತ್ತು. ಬಿಡಿಸಿದರೆ ಮತ್ತೆ ಸುರುಳಿಯಾಯಿತು. ಮೂಸಿದಳು. ಅಂಗಡಿಯ ವಾಸನೆ. ಒಳಮೈ ತಿರುವಿದಳು, ಕೊಂಡಿ ತಿರುವಿದಳು, ಹೊಲಿಗೆಯ ಸಂದನ್ನು ಉಗುರಿನಿಂದ ಬಿಡಿಸಿ ನೋಡಿದಳು. ಆರು ವರ್ಷ ಸೋಪಿನ ನೀರಲ್ಲಿ ನೆಂದವನು. ಅವನು ಮುಟ್ಟಿದ್ದರೆ ಆ ಕರಿ ಪಟ್ಟಿಯ ಮೇಲೆ ಕುರುಡರಿಗೂ ಕಾಣುವ ಬಿಳುಪು ಇರಬೇಕಿತ್ತು.

“ಬೆಲ್ಟು ಒಂದು. ಕಪ್ಪು,” ಎಂದು ಓದಿದಳು.

ಪೆನ್ನು ಕಾಗದದ ಮೇಲೆ ನಿಂತಿತು. ಹನ್ನೊಂದು ವರ್ಷ ಬರೆಯದ ಮಾತು ತುದಿಗೆ ಬಂದಿತ್ತು. ಇಲ್ಲದ್ದನ್ನು ಬರೆದರೆ ರಗಳೆ ಎಂದು ಕಲಿಸಿದ್ದರಲ್ಲ, ರಗಳೆಯಾಗಲಿ.

“ಸೋಪಿನ ಕಲೆ ಇಲ್ಲ.”

ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ. ಸೂಪರ್‌ವೈಸರ್ ನಕ್ಕ. “ಏನಮ್ಮ ಇದು, ಅವನು ಹಾಕ್ಕೊಳ್ತಾನೇ ಇರ್ಲಿಲ್ಲ, ಅದಕ್ಕೇ ಕಲೆ ಇಲ್ಲ. ನಾವು ಹೇಳ್ತಿರೋದೂ ಅದನ್ನೇ ಅಲ್ವಾ?” ಕೆಲವರು ತಲೆದೂಗಿದರು. ಮಾತು ಗೋಡೆಗೆ ಬಿದ್ದು ಅವಳ ಕಡೆಗೇ ವಾಪಸು ಬಂತು. ಕಂಡದ್ದನ್ನು ಬರೆದಾಗಿತ್ತು. ಕಾಣದ್ದಕ್ಕೆ ಸಾಕ್ಷಿ ಬೇಕಿತ್ತು.

“ಅತ್ತಿಗೆ.” ಕುಳ್ಳ ಗೋಡೆ ಬಿಟ್ಟು ಎರಡು ಹೆಜ್ಜೆ ಬಂದಿದ್ದ. “ನನ್ನ ಬೆಲ್ಟೂ ನೋಡಿ ಅತ್ತಿಗೆ. ಇದ್ರಲ್ಲೂ ಇಲ್ಲ. ಯಾವುದ್ರಲ್ಲೂ ಇಲ್ಲ. ಅವನು ಬಿದ್ದ ಮಾರನೇ ದಿನ ಬೆಳಿಗ್ಗೆ ಒಂದೇ ಡಬ್ಬದಿಂದ ತೆಗೆದು ಹಂಚಿದ್ರು, ನನ್ನದನ್ನ ಆಸ್ಪತ್ರೆ ಮಂಚಕ್ಕೇ ತಂದುಕೊಟ್ರು. ಒಂಬತ್ತಿತ್ತು. ನಾವು ಎಂಟು ಜನ. ಒಂದು ಉಳೀತು.” ಬ್ಯಾಂಡೇಜಿನ ಕೈಯನ್ನು ಮೇಜಿನ ಮೇಲಿದ್ದ ಬೆಲ್ಟಿನ ಕಡೆ ಚಾಚಿದ. “ಅದೇ ಅದು.”

“ಏಯ್, ಹೆಬ್ಬೆಟ್ಟು ಒತ್ತಿದ್ದೀಯ, ನೆನಪಿದೆ ತಾನೇ?”

“ಇದೆ ಸಾರ್. ನೀವೇ ಹಿಡಿದು ಒತ್ತಿಸಿದ್ರಲ್ಲ, ಹೇಗೆ ಮರೀಲಿ?” ಕುಳ್ಳ ಬ್ಯಾಂಡೇಜು ಕೈಗಳಿಂದ ಸೊಂಟದ ಕೊಂಡಿಯನ್ನು ತಡವಿದ. ಬೆರಳು ಬಾಗಲಿಲ್ಲ. ಗೋಡೆಯ ಕಡೆ ತಿರುಗಿ, “ಯಾರಾದ್ರೂ ಇದನ್ನ ಬಿಚ್ರೋ,” ಎಂದ.

ಏಳು ಜನರೂ ತಂತಮ್ಮ ಕಾಲಬೆರಳು ನೋಡುತ್ತ ನಿಂತರು. ಅವರನ್ನು ಬೈಯುವುದು ಸುಲಭ. ಏಳು ಮನೆಯ ಒಲೆಗಳು ಆ ಏಳು ಕೊಂಡಿಗಳಿಗೆ ಸಿಕ್ಕಿಕೊಂಡಿದ್ದವು. ಅವಳೇ ಮೇಜು ಬಳಸಿ ಬಂದು, ಅವನ ಸೊಂಟದ ಕೊಂಡಿ ಬಿಚ್ಚಿದಳು. ತಿರುವಿ ನೋಡಿದಳು. ಮೇಜಿಗೆ ಹೋಗಿ ಬರೆದಳು. ಬೆಲ್ಟು ಎರಡು. ಕಪ್ಪು. ಸೋಪಿನ ಕಲೆ ಇಲ್ಲ. ಕೆಳಗೆ ತನ್ನ ಸಹಿ, ಪಕ್ಕದಲ್ಲಿ ಕುಳ್ಳನ ಹೆಬ್ಬೆಟ್ಟು, ಈ ಸಲ ಅವನೇ ಚಾಚಿದ್ದು. ಮೇಷ್ಟ್ರು ಎದ್ದು ಬಂದು ಕೇಳದೆಯೇ ಸಾಕ್ಷಿ ಹಾಕಿದರು. ಸೂಪರ್‌ವೈಸರ್ ಕುಳ್ಳನ ಬೆಲ್ಟನ್ನು ಕಿತ್ತುಕೊಂಡ. ಚೀಲ ಮಾತ್ರ ಅತ್ತೆಯ ತೋಳಿನೊಳಗಿತ್ತು. ಅಲ್ಲಿಂದ ಕೀಳಲು ಅವನಿಗೂ ಧೈರ್ಯ ಬರಲಿಲ್ಲ.

ಮಂಗಳವಾರ ಕುಳ್ಳನ ಕೆಲಸ ಹೋಯಿತು.

ಮೂರು ವಾರದ ಮೇಲೆ ಕಾರ್ಮಿಕ ಇಲಾಖೆಯ ವಿಚಾರಣಾಧಿಕಾರಿ ಅವಳನ್ನು ಕರೆಸಿದರು. ಫೈಲಿನಲ್ಲಿ ಅವಳು ಕಳಿಸಿದ್ದ ಪಟ್ಟಿಯ ಟೈಪ್ ಮಾಡಿದ ಪ್ರತಿ ಇತ್ತು. ಚಪ್ಪಲಿ 1 ಜೊತೆ. ಬಾಚಣಿಗೆ 1. ಡಬ್ಬಿ 1. ನೋಟ್‌ಬುಕ್ 1. ಬೆಲ್ಟ್ 1. ಅಷ್ಟೇ. ಕುಳ್ಳನ ಹೆಬ್ಬೆಟ್ಟು ಎರಡು ಕಡೆ ಇರುವುದರಿಂದ ಅವನ ಮಾತು ಲೆಕ್ಕಕ್ಕಿಲ್ಲವಂತೆ.

“ಕಲೆಗಳನ್ನೆಲ್ಲ ಬಿಟ್ಟಿದ್ದೀರಲ್ಲ ಸಾರ್.”

“ಟೈಪಿಸ್ಟು ಅನಗತ್ಯ ಅಂತ ಬಿಟ್ಟಿರ್ತಾನಮ್ಮ. ಅದೇನು ಪಟ್ಟಿನಾ, ಪದ್ಯನಾ?”

ಅವಳು ವಾದಿಸಲಿಲ್ಲ. ಬಟ್ಟೆಚೀಲದಿಂದ ಬೆಲ್ಟು ತೆಗೆದು ಮೇಜಿನ ಮೇಲಿಟ್ಟಳು. “ಇದನ್ನ ನಿಮ್ಮ ವಶಕ್ಕೆ ಕೊಡ್ತಾ ಇದ್ದೀನಿ. ರಸೀದಿ ಬರೆದುಕೊಡಿ. ಸ್ಥಿತಿ ಹೇಗಿದೆ ಅಂತಾನೂ ಬರೀರಿ. ನಾಳೆ ಹಳೇದು ಕೊಟ್ಟಿದ್ದೆ, ಹೊಸದು ಇಟ್ಟು ಬದಲಾಯಿಸಿದ್ರು ಅಂತ ನಾನೇ ಅಂದ್ರೆ ನಿಮ್ಮ ತಲೆಗೇ ಬರುತ್ತೆ ಸಾರ್. ನನ್ನ ಕಿಟಕೀಲಿ ದಿನಾ ನೋಡ್ತೀನಿ.”

ಆ ಭಯ ಅವಳಿಗೆ ಗೊತ್ತು. ವಸ್ತು ಪಡೆದುಕೊಂಡು ಸಹಿ ಹಾಕುವ ಪ್ರತಿ ಕೈಯಲ್ಲೂ ಅದು ಇರುತ್ತದೆ. ನ್ಯಾಯಕ್ಕೆ ಅಂಜದ ಕೈ ಆಪಾದನೆಗೆ ಅಂಜುತ್ತದೆ. ಅಧಿಕಾರಿ ಬೆಲ್ಟನ್ನು ಎತ್ತಿ ನೋಡಿದರು, ಬಗ್ಗಿಸಿದರು. ಅದು ಸೆಟೆದುಕೊಂಡು ಸುರುಳಿಯಾಯಿತು. ತನ್ನ ಮೇಲೆ ಏನೂ ಬರದಿರಲಿ ಎಂದು ನಿಷ್ಠೆಯಿಂದ ಬರೆದರು: ಬೆಲ್ಟ್ ಒಂದು, ಕಪ್ಪು, ಹೊಸದು, ಬಳಸಿದ ಗುರುತಿಲ್ಲ. ಸಹಿ ಹಾಕಿದರು. ಸೀಲು ಒತ್ತಿದರು. ಸೀಲಿನ ಕೈ ಮೇಲೆತ್ತಿದಾಗ, ಆರು ವರ್ಷದ ಹಿಂದೆ ಕೊಟ್ಟಿದ್ದೆಂದು ತಮ್ಮದೇ ಫೈಲು ಹೇಳುವ ಬೆಲ್ಟಿಗೆ ತಾವೇ ಹೊಸದೆಂದು ಬರೆದುಕೊಟ್ಟದ್ದು ಅವರಿಗೆ ಹೊಳೆಯಿತು. ಕೈ ಚಾಚಿದರು. ಅಷ್ಟರಲ್ಲಿ ರಸೀದಿ ಅವಳ ಕೈಚೀಲದಲ್ಲಿತ್ತು.

ಅದರಿಂದ ಏನಾಯಿತು? ಫೈಲು ಮುಚ್ಚಲಿಲ್ಲ, ತೆರೆಯಲೂ ಇಲ್ಲ. ಅವನದೇ ತಪ್ಪು ಎಂಬ ಸಾಲಿನ ಮೇಲೆ ‘ಪರಿಶೀಲನೆಯಲ್ಲಿದೆ’ ಎಂಬ ಚೀಟಿ ಬಿತ್ತು. ಈ ಲೋಕದಲ್ಲಿ ದುಡಿದು ಸತ್ತವನ ಪಾಲಿಗೆ ಸತ್ಯ ಬರುವುದು ಅಷ್ಟೇ ಅಳತೆಯಲ್ಲಿ. ಆ ಚೀಟಿಯಷ್ಟು ಅಗಲ.

ಅವಳು ಮನೆಗೆ ಬಂದಾಗ ಸಂಜೆ ಐದು. ಅತ್ತೆ ಹಿತ್ತಲಲ್ಲಿ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೊಣಕೈವರೆಗೂ ಒದ್ದೆ.

“ಏನಂತ ಬರೆದ್ರೇ?”

“ಹೊಸದು ಅಂತ.”

“ಅಷ್ಟೇನಾ?”

“ಅಷ್ಟೇ ಅತ್ತೆ. ನಿಮ್ಮ ಮಗನ ತಪ್ಪು ಅಂತ ಇನ್ನು ಯಾರೂ ಸಲೀಸಾಗಿ ಹೇಳೋ ಹಾಗಿಲ್ಲ.”

ಅತ್ತೆ ತಲೆಯಾಡಿಸಿದರು. ನಲ್ಲಿಯ ಹತ್ತಿರ ಕಳೆದುಕೊಂಡದ್ದೇನೋ ಸ್ವಲ್ಪ ವಾಪಸು ಬಂದಂತೆ ಮುಖ ಒಂದು ಗಳಿಗೆ ಸಡಿಲವಾಯಿತು. ಆಮೇಲೆ ಬಕೆಟ್‌ನಿಂದ ಒಂದು ಬಟ್ಟೆ ಎತ್ತಿದರು. ಆಸ್ಪತ್ರೆಯ ಗಂಟಿನಲ್ಲಿ ಬಂದಿದ್ದ ಅಂಗಿ. ಇಷ್ಟು ದಿನ ಯಾರೂ ಮುಟ್ಟಿರಲಿಲ್ಲ.

“ರಕ್ತ ಇದ್ದಿದ್ದನ್ನ ನೋಡೋಕಾಗ್ಲಿಲ್ಲ ಕಣೇ. ಅದೊಂದನ್ನೇ ತೆಗೆಯೋಣ ಅಂತ ನೆನೆಸಿದೆ. ಬರೀ ನೀರಲ್ಲೇ ತಿಕ್ಕಿದೆ, ಸೋಪು ಹಾಕ್ಲಿಲ್ಲ.” ಅಂಗಿಯ ಎದೆಯ ಭಾಗವನ್ನು ಬೆಳಕಿಗೆ ಹಿಡಿದರು. “ಆರು ವರ್ಷ ಏನು ಹಾಕಿ ಉಜ್ಜಿದ್ರೂ ಹೋಗದೇ ಇದ್ದಿದ್ದು, ಇವತ್ತು ಹೋಗಿಬಿಡ್ತಲ್ಲೇ.”

ಅವಳು ಅಂಗಿಯನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಹಿಂಡಿದಳು, ಜಾಡಿಸಿದಳು, ತಂತಿಗೆ ಹರಡಿದಳು. ಕೈ ರೂಢಿಯಂತೆ ತೋಳು ಬಿಡಿಸಿತು, ಕಣ್ಣು ರೂಢಿಯಂತೆ ಮೇಲಿನಿಂದ ಕೆಳಗೆ ಇಳಿಯಿತು.

ಅಂಗಿ ಒಂದು, ನೀಲಿ, ಅರ್ಧ ತೋಳು. ಗುಂಡಿ ಐದು. ಮೂರನೆಯದು ಬಿಳಿ, ಕರಿ ದಾರದಲ್ಲಿ ಹೊಲಿದದ್ದು.

ಸೋಪಿನ ಕಲೆ ಇಲ್ಲ.